ತೊಂಬತ್ತೆರಡು ವರ್ಷ ತಡವಾಗಿ ಬಂದ ಭೂಕಂಪದ ಸುದ್ದಿ

2014ರ ಮಾರ್ಚ್ 17ರಂದು ಬೆಳಿಗ್ಗೆ 6 ಗಂಟೆ 25 ನಿಮಿಷಕ್ಕೆ ಲಾಸ್ ಏಂಜಲೀಸ್ ನಡುಗಿತು. ‘ಲಾಸ್ ಏಂಜಲೀಸ್ ಟೈಮ್ಸ್’ ಪತ್ರಿಕೆಯ ಕೆನ್ ಶ್ವೆಂಕೆ ಆ ನಡುಕಕ್ಕೆ ಎಚ್ಚೆತ್ತು ಕಂಪ್ಯೂಟರಿನ ಮುಂದೆ ಕುಳಿತಾಗ ಸುದ್ದಿ ಆಗಲೇ ಸಿದ್ಧವಾಗಿತ್ತು. ಅವರೇ ರೂಪಿಸಿದ್ದ ‘ಕ್ವೇಕ್‌ಬಾಟ್’ ಎಂಬ ತಂತ್ರಾಂಶ ಅದನ್ನು ಬರೆದಿಟ್ಟಿತ್ತು. ಅವರು ಗುಂಡಿ ಒತ್ತಿದರು. ಕಂಪನವಾದ ಸುಮಾರು ಮೂರು ನಿಮಿಷಗಳಲ್ಲಿ ವರದಿ ಜಾಲತಾಣದಲ್ಲಿತ್ತು.

ಇಂಥದ್ದನ್ನು ಕೇಳಿದವರು ಯಂತ್ರವೇ ಯೋಚಿಸಿ ಬರೆಯಿತೆಂದು ಬೆರಗಾಗುತ್ತಾರೆ. ಅದು ತಪ್ಪು ತಿಳಿವಳಿಕೆ. ಕ್ವೇಕ್‌ಬಾಟ್‌ನದು ಚಕ್ಕುಲಿ ಒರಳಿನ ಕೆಲಸ: ಬಿಲ್ಲೆಯ ಆಕಾರ ಮೊದಲೇ ನಿಶ್ಚಿತ, ಹಿಟ್ಟು ಮಾತ್ರ ಹೊಸದು. ತಾಲ್ಲೂಕು ಕಚೇರಿಯ ಮುದ್ರಿತ ನಮೂನೆಯಲ್ಲಿ ಹೆಸರು, ಊರು, ದಿನಾಂಕಗಳಿಗೆ ಜಾಗ ಬಿಟ್ಟಿರುವಂತೆ ಇಲ್ಲಿಯೂ ಮನುಷ್ಯರು ಬರೆದಿಟ್ಟ ವಾಕ್ಯಗಳಲ್ಲಿ ಖಾಲಿ ಜಾಗಗಳಿರುತ್ತವೆ. ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಕಳುಹಿಸುವ ಭೂಕಂಪದ ಪರಿಮಾಣ, ಸ್ಥಳ, ಸಮಯ ಮತ್ತು ಆಳದ ವಿವರಗಳು ಅವುಗಳಲ್ಲಿ ಹೋಗಿ ಕೂರುತ್ತವೆ. ಹಿಟ್ಟು ಹದವಾಗಿದೆಯೇ ಎಂದು ಒರಳಿಗೆ ತಿಳಿಯದು. ಅಂದಿನ ವರದಿಯಲ್ಲಿ 4.7 ಎಂದಿದ್ದ ಪರಿಮಾಣವನ್ನು ವಿಜ್ಞಾನಿಗಳು ಆಮೇಲೆ 4.4ಕ್ಕೆ ಇಳಿಸಿದರು.

ಆದರೂ ಈ ವಿಧಾನವನ್ನು ನಾನು ಮನಃಪೂರ್ವಕವಾಗಿ ಮೆಚ್ಚುತ್ತೇನೆ. ಮುಂದಿನ ಪದ ಯಾವುದಿರಬಹುದೆಂಬ ಸಂಭವನೀಯತೆಯಿಂದ ವಾಕ್ಯ ಹೆಣೆಯುವ ಇಂದಿನ ಭಾಷಾ ಮಾದರಿಗಳು ಇಲ್ಲದ್ದನ್ನೂ ನಂಬುವಂತೆ ಬರೆಯಬಲ್ಲವು. ಖಾಲಿ ಜಾಗ ತುಂಬುವ ತಂತ್ರಾಂಶ ತನಗೆ ಕೊಡದ ಸಂಗತಿಯನ್ನು ಸೇರಿಸಲಾರದು. ಅದರಲ್ಲಿ ತಪ್ಪು ಕಂಡರೆ ಆ ತಪ್ಪಿನ ಮೂಲವನ್ನು ಹುಡುಕಿ ತೆಗೆಯಬಹುದು. ಅಂಕಿಅಂಶ ಬರೆಯುವ ಕೆಲಸದಿಂದ ಬಿಡುಗಡೆಯಾದ ವರದಿಗಾರನಿಗೆ, ಬಿರುಕುಬಿಟ್ಟ ಮನೆಗಳ ಮುಂದೆ ನಿಂತವರನ್ನು ಮಾತನಾಡಿಸಲು ಸಮಯ ಸಿಗುತ್ತದೆ.

2017ರ ಜೂನ್ 21ರಂದು ಇದೇ ಕ್ವೇಕ್‌ಬಾಟ್, ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾ ನಗರದ ಸಮೀಪ 6.8 ಪರಿಮಾಣದ ಭೂಕಂಪವಾಗಿದೆ ಎಂಬ ವರದಿಯನ್ನು ಹೊರಡಿಸಿತು. ಆ ಭೂಕಂಪ ಸುಳ್ಳಲ್ಲ, ಆದರೆ ಅದು ಆದದ್ದು 1925ರ ಜೂನ್ 29ರಂದು. ಕ್ಯಾಲ್‌ಟೆಕ್ ಎಂಬ ವಿಜ್ಞಾನ ವಿಶ್ವವಿದ್ಯಾಲಯದಲ್ಲಿ ಯಾರೋ ಆ ಹಳೆಯ ಕಂಪನದ ಕೇಂದ್ರಸ್ಥಾನವನ್ನು ದಾಖಲೆಯಲ್ಲಿ ತಿದ್ದುತ್ತಿದ್ದಾಗ ಸರ್ವೇಕ್ಷಣಾ ಸಂಸ್ಥೆಯಿಂದ ಹೊಸ ಎಚ್ಚರಿಕೆಯೊಂದು ಹೊರಟುಬಿಟ್ಟಿತು. ಆ ಎಚ್ಚರಿಕೆಯಲ್ಲಿದ್ದ ವರ್ಷ 2025. ಅಂದರೆ ಆಗ ಇನ್ನೂ ಬಾರದಿದ್ದ ದಿನದ ಭೂಕಂಪವೊಂದು ಸುದ್ದಿಯಾಯಿತು. ಬಂದ ದಿನಾಂಕವನ್ನು ಅಂದಿನ ದಿನಾಂಕದೊಡನೆ ಹೋಲಿಸಿ ನೋಡುವ ಒಂದು ಸಾಲು ತಂತ್ರಾಂಶದಲ್ಲಿ ಇದ್ದಿದ್ದರೆ ಅಥವಾ ಯಾರಾದರೂ ಸಾಂಟಾ ಬಾರ್ಬರಾಕ್ಕೆ ಫೋನು ಮಾಡಿ ನೆಲ ನಡುಗಿತೇ ಎಂದು ಕೇಳಿದ್ದರೆ ಆ ವರದಿ ಅಲ್ಲಿಯೇ ನಿಲ್ಲುತ್ತಿತ್ತು.