ನೀರು ಮಬ್ಬಾಗಿದೆ, ವಾಸನೆ ಚೆನ್ನಾಗಿದೆ: ಈ ಜಾಡಿಯ ತರಕಾರಿ ತಿನ್ನಬಹುದಾ?

ಪ್ರಶ್ನೆ: ಎರಡು ತಿಂಗಳ ಹಿಂದೆ ಸೌತೆಕಾಯಿ, ಕ್ಯಾರೆಟ್, ಬೆಳ್ಳುಳ್ಳಿಯನ್ನು ಗಾಜಿನ ಜಾಡಿಯಲ್ಲಿ ಹುಳಿಯಾಗಲು ಹಾಕಿಟ್ಟಿದ್ದೆ. ಈಗ ನೀರು ಮಬ್ಬಾಗಿದೆ, ಬೆಳ್ಳುಳ್ಳಿ ನೀಲಿಯಾಗಿದೆ. ವಾಸನೆ ಮಾತ್ರ ಚೆನ್ನಾಗಿದೆ. ಒಂದು ಚೂರು ಬಾಯಿಗೆ ಹಾಕಿ ನೋಡಲಾ?

ಬಾಯಿಗೆ ಹಾಕುವುದು ಬೇಡ. ಯಾಕೆ ಅಂತ ಆಮೇಲೆ ಹೇಳುತ್ತೇನೆ. ಮೊದಲು ನೆನಪು ಮಾಡಿಕೊಳ್ಳಿ: ಹಾಕಿದ್ದು ವಿನೆಗರ್‌ನಲ್ಲೋ, ಬರೀ ಉಪ್ಪುನೀರಿನಲ್ಲೋ?

ಉಪ್ಪುನೀರಿನ ಜಾಡಿ ಮಬ್ಬಾಗಲೇಬೇಕು. ಲ್ಯಾಕ್ಟಿಕ್ ಆಮ್ಲ ತಯಾರಿಸುವ ಬ್ಯಾಕ್ಟೀರಿಯಾ ಅದರಲ್ಲಿ ಬೆಳೆದರೇನೇ ತರಕಾರಿ ಹುಳಿಯಾಗುವುದು. ತಳದಲ್ಲಿ ಬಿಳಿ ಗಸಿ ಕೂರುತ್ತದೆ, ಮೊದಲ ದಿನಗಳಲ್ಲಿ ಗುಳ್ಳೆಯೂ ಏಳುತ್ತದೆ. ವಿನೆಗರ್ ಜಾಡಿಯ ಕತೆ ಬೇರೆ. ಅಲ್ಲಿ ಏನೂ ಬೆಳೆಯಬಾರದು. ಗಡಸು ನೀರಿನಿಂದಲೋ, ಪುಡಿ ಉಪ್ಪು ಗಂಟು ಕಟ್ಟದಿರಲಿ ಅಂತ ಸೇರಿಸುವ ವಸ್ತುವಿನಿಂದಲೋ ಮೊದಲ ದಿನದಿಂದಲೇ ಸ್ವಲ್ಪ ಮಬ್ಬಿದ್ದರೆ ಪರವಾಗಿಲ್ಲ. ತಿಳಿಯಾಗಿದ್ದ ನೀರು ವಾರಗಳ ನಂತರ ಮಬ್ಬಾಗಿದೆಯಾ? ಎಸೆಯಿರಿ.

ಬೆಳ್ಳುಳ್ಳಿ ಪಾಪ, ಸುಮ್ನೆ ಹೆದರಿಸುತ್ತದೆ. ಅದರಲ್ಲಿರುವ ಗಂಧಕದ ಅಂಶಗಳು ಆಮ್ಲದ ಜೊತೆ ಸೇರಿ ನೀಲಿ, ಹಸಿರು ಬಣ್ಣ ಕೊಡುತ್ತವೆ. ಅದರಿಂದ ತೊಂದರೆ ಇಲ್ಲ.

ಮೇಲೆ ಪೊರೆ ಬಂದಿದ್ದರೆ ಹತ್ತಿರದಿಂದ ನೋಡಿ. ಉಪ್ಪುನೀರಿನ ಮೇಲೆ ಚಪ್ಪಟೆಯಾಗಿ, ತೆಳ್ಳಗೆ ಹರಡಿದ ಬಿಳಿ ಪೊರೆ ಸಾಮಾನ್ಯವಾಗಿ ಯೀಸ್ಟ್. ತೆಗೆದುಹಾಕಿದರೆ ಸಾಕು. ಹತ್ತಿಯಂತೆ ಎದ್ದುನಿಂತ ಅಥವಾ ಹಸಿರು, ಕಪ್ಪು ಬಣ್ಣದ್ದಾದರೆ ಬೂಷ್ಟು. ಮೇಲಿನದನ್ನು ಚಮಚದಲ್ಲಿ ತೆಗೆದು ಕೆಳಗಿನದನ್ನು ತಿನ್ನೋಣ ಅನ್ನಿಸುತ್ತೆ, ಅಲ್ವಾ? ಆದರೆ ಬೂಷ್ಟು ಬೆಳೆಯುತ್ತಾ ಜಾಡಿಯ ಆಮ್ಲವನ್ನೇ ತಿಂದು ಕಡಿಮೆ ಮಾಡಬಲ್ಲದು. ಕಾವಲಿಗಿದ್ದ ಹುಳಿಯೇ ಹೋದ ಮೇಲೆ ಇಡೀ ಜಾಡಿ ಕಸಕ್ಕೆ. ತರಕಾರಿ ಲೋಳೆಯಾಗಿದ್ದರೂ ಅಷ್ಟೇ.

ಈಗ ಬಾಯಿಗೆ ಹಾಕಬೇಡಿ ಅಂದಿದ್ದಕ್ಕೆ ಬರುತ್ತೇನೆ. ಬೊಟುಲಿಸಂ ಅನ್ನುವ ಮಾರಕ ಆಹಾರವಿಷದ ಕಾಯಿಲೆ ತರುವ ಬ್ಯಾಕ್ಟೀರಿಯಾ ಗಾಳಿಯಿಲ್ಲದ ಕಡೆ, ಹುಳಿ ಸಾಲದ ಕಡೆ ಬೆಳೆದು ವಿಷ ಬಿಡುತ್ತದೆ. ಆ ವಿಷಕ್ಕೆ ವಾಸನೆ ಇಲ್ಲ, ರುಚಿ ಇಲ್ಲ. ಒಂದು ಚೂರು ಕೂಡ ಪ್ರಾಣಕ್ಕೆ ಅಪಾಯ. ನಿಮ್ಮ ಮೂಗು ಇಲ್ಲಿ ಸಾಕ್ಷಿ ಹೇಳಲಾರದು. ಪಿಎಚ್ ಅಂದರೆ ಹುಳಿಯ ಅಳತೆ, ಹುಳಿ ಹೆಚ್ಚಿದಷ್ಟೂ ಅಂಕಿ ಕಡಿಮೆ. ಅದು 4.6 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಈ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ. ಅದಕ್ಕೇ ವಿನೆಗರ್ 5% ಆಮ್ಲದ್ದಿರಬೇಕು, ಹುಳಿ ಜಾಸ್ತಿ ಅಂತ ಪಾಕವಿಧಾನದಲ್ಲಿ ಹೇಳಿದ್ದಕ್ಕಿಂತ ಹೆಚ್ಚು ನೀರು ಬೆರೆಸಬಾರದು. ಉಪ್ಪುನೀರಿನ ಜಾಡಿಯನ್ನು ಪಿಎಚ್ ಪಟ್ಟಿಯಲ್ಲಿ (ಬಣ್ಣ ಬದಲಿಸಿ ಹುಳಿ ಎಷ್ಟಿದೆ ಅಂತ ತೋರಿಸುವ ಕಾಗದದ ಪಟ್ಟಿ) ಅಳೆಯಬಹುದು. ಚೆನ್ನಾಗಿ ಹುಳಿತದ್ದು 4ಕ್ಕಿಂತ ಕೆಳಗೇ ತೋರಿಸುತ್ತದೆ. ಹಾಗಂತ ಪಟ್ಟಿಯನ್ನು ನಂಬಿ ಬೂಷ್ಟು ಹಿಡಿದ ಜಾಡಿಯನ್ನು ಉಳಿಸಿಕೊಳ್ಳಬೇಡಿ.

ಗಾಳಿಯಾಡದಂತೆ ಬಿಗಿಮಾಡಿ ಇಟ್ಟಿದ್ದ ಜಾಡಿಯ ಮುಚ್ಚಳ ಉಬ್ಬಿದ್ದರೆ, ಸೋರಿದ್ದರೆ ತೆರೆಯಲೇಬೇಡಿ. ಹಾಗೇ ಚೀಲದಲ್ಲಿ ಕಟ್ಟಿ ಎಸೆದು ಕೈ ತೊಳೆದುಕೊಳ್ಳಿ. ಈಗಾಗಲೇ ತಿಂದಾಗಿದೆಯಾ? ಬೊಟುಲಿಸಂ ಲಕ್ಷಣಗಳು ಸಾಮಾನ್ಯವಾಗಿ 12ರಿಂದ 36 ಗಂಟೆಯೊಳಗೆ ಕಾಣುತ್ತವೆ, ಕೆಲವೊಮ್ಮೆ ದಿನಗಳೇ ಹಿಡಿಯುತ್ತವೆ. ಒಂದು ವಸ್ತು ಎರಡಾಗಿ ಕಂಡರೆ, ರೆಪ್ಪೆ ಜೋತುಬಿದ್ದರೆ, ನುಂಗಲು ಕಷ್ಟವಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿ, ಏನು ತಿಂದಿರಿ ಅಂತಲೂ ಹೇಳಿ.

ಹಾಗಾದರೆ ನಿಮ್ಮ ಜಾಡಿ? ಉಪ್ಪುನೀರಿನದಾಗಿದ್ದು, ಪಟ್ಟಿ 4ಕ್ಕಿಂತ ಕೆಳಗೆ ತೋರಿಸಿ, ತರಕಾರಿ ಇನ್ನೂ ಗರಿಗರಿಯಾಗಿದ್ದರೆ ಫ್ರಿಜ್‌ನಲ್ಲಿಟ್ಟು ತಿನ್ನಿ. ತರಕಾರಿ ನೀರಲ್ಲಿ ಮುಳುಗಿರಲಿ, ಎಂಜಲು ಚಮಚ ಬೇಡ. ವಿನೆಗರ್‌ನದಾಗಿದ್ದರೆ ಎಸೆಯಿರಿ. ಯಾವುದರಲ್ಲಿ ಹಾಕಿದ್ದೆ ಅನ್ನೋದೇ ನೆನಪಿಲ್ಲವಾದರೂ ಎಸೆಯಿರಿ, ಮುಂದಿನ ಜಾಡಿಗೆ ಒಂದು ಚೀಟಿ ಅಂಟಿಸಿ.