ಎಂಟು ದಾರಿ, ಎಂಟಕ್ಕೂ ಬೇಡ: ಬ್ರೆಕ್ಸಿಟ್ ಹೊತ್ತಲ್ಲಿ ಬ್ರಿಟನ್ ಸಂಸತ್ತು ಮಾಡಿದ್ದೇನು?

ಓದುಗರ ಪ್ರಶ್ನೆ: 2019ರಲ್ಲಿ ಐರೋಪ್ಯ ಒಕ್ಕೂಟ ಬಿಡೋದು ಹೇಗೆ ಅಂತ ಬ್ರಿಟನ್ ಸಂಸದರ ಮುಂದೆ ಎಂಟು ಆಯ್ಕೆ ಇಟ್ಟಿದ್ದರಂತೆ. ಎಂಟನ್ನೂ ಬೇಡ ಅಂದರಂತೆ. ಏನಾದರೂ ಒಂದು ಆಗಲೇಬೇಕಿತ್ತು ಅಲ್ವಾ? ಎಲ್ಲವನ್ನೂ ಬೇಡ ಅನ್ನೋಕೆ ಹೇಗೆ ಸಾಧ್ಯವಾಯಿತು?

ಉತ್ತರ: ಆ ರಾತ್ರಿ "ಈ ಎಂಟರಲ್ಲಿ ಯಾವುದು?" ಅಂತ ಸಂಸದರನ್ನು ಯಾರೂ ಕೇಳಲೇ ಇಲ್ಲ. "ಇದು ಬೇಕಾ? ಇದು ಬೇಕಾ?" ಅಂತ ಎಂಟು ಸಲ ಕೇಳಿದರು. ಎರಡೂ ಒಂದೇ ಅನ್ನಿಸಬಹುದು, ಆದರೆ ಅಲ್ಲ. ತಿಂಡಿಗೆ ಕೂತವರನ್ನು "ಇಡ್ಲಿ, ದೋಸೆ, ಉಪ್ಪಿಟ್ಟು, ಯಾವುದು ಹಾಕಲಿ?" ಅಂತ ಕೇಳಿ ನೋಡಿ, ಏನಾದರೂ ಒಂದು ಹೇಳುತ್ತಾರೆ. ಬರೀ "ಉಪ್ಪಿಟ್ಟು ಹಾಕಲಾ?" ಅಂತ ಕೇಳಿ. ಅರ್ಧ ಪಂಕ್ತಿ ಕೈ ಅಡ್ಡ ಹಿಡಿಯುತ್ತದೆ. ಹಸಿವಿಲ್ಲ ಅಂತಲ್ಲ, ಹಿಂದೆ ದೋಸೆ ಬರುತ್ತದೇನೋ ಅಂತ ಆಸೆ.

ಈಗ ಸ್ವಲ್ಪ ಹಿಂದಿನಿಂದ ಹೇಳುತ್ತೇನೆ.

2016ರ ಜೂನ್ 23ರ ಜನಮತಗಣನೆಯಲ್ಲಿ ಬ್ರಿಟನ್ನಿನ ಜನರಿಗೆ ಕೇಳಿದ್ದು ಒಂದೇ ಪ್ರಶ್ನೆ. ಒಕ್ಕೂಟದಲ್ಲಿ ಇರೋದಾ, ಬಿಡೋದಾ? ಬಿಡೋಣ ಅಂದವರು ಶೇ 51.9, ಇರೋಣ ಅಂದವರು ಶೇ 48.1. ಬಿಟ್ಟ ಮೇಲೆ ಸಂಬಂಧ ಹೇಗಿರಬೇಕು ಅನ್ನೋದರ ಬಗ್ಗೆ ಮತಪತ್ರದಲ್ಲಿ ಒಂದಕ್ಷರವೂ ಇರಲಿಲ್ಲ. ಅಣ್ಣತಮ್ಮಂದಿರು ಪಾಲಾಗೋದು ಅಂತ ತೀರ್ಮಾನ ಮಾಡಿದ ಹಾಗೆ ಇದು. ಪಾಲಾಗೋಣ ಅನ್ನೋದು ಒಂದು ಮಾತಲ್ಲಿ ಮುಗಿಯುತ್ತದೆ. ಬಾವಿ ಯಾರಿಗೆ, ಗಾಡಿ ದಾರಿ ಯಾರ ಗದ್ದೆ ಮೇಲೆ, ಪಂಪ್‌ಸೆಟ್ ಇಬ್ಬರಿಗೂ ಸೇರಿದ್ದಾ? ಜಗಳ ಶುರುವಾಗೋದೇ ಅಲ್ಲಿಂದ.

ಪ್ರಧಾನಿ ಥೆರೇಸಾ ಮೇ 2017ರ ಮಾರ್ಚ್ 29ರಂದು ಬಿಡುವ ನೋಟಿಸ್ ಕೊಟ್ಟರು. ಅಲ್ಲಿಂದ ಎರಡೇ ವರ್ಷ ಗಡುವು. ಇಲ್ಲಿ ಒಂದು ವಿಷಯ ಗಮನಿಸಬೇಕು. ಸಾಮಾನ್ಯವಾಗಿ ಸಂಸತ್ತು ಒಂದು ಮಸೂದೆಯನ್ನು ಬೇಡ ಅಂದರೆ ಇದ್ದದ್ದು ಇದ್ದ ಹಾಗೇ ಉಳಿಯುತ್ತದೆ. ಇಲ್ಲಿ ಹಾಗಲ್ಲ. ಏನನ್ನೂ ಒಪ್ಪದೆ ಸುಮ್ನೆ ಕೂತರೆ, ಗಡುವಿನ ದಿನ ಯಾವ ಒಪ್ಪಂದವೂ ಇಲ್ಲದೆ ದೇಶ ಹೊರಗೆ ಬೀಳುತ್ತದೆ. ಅಂದರೆ 'ಬೇಡ' ಅನ್ನೋದೂ ಒಂದು ಆಯ್ಕೆಯೇ. ಅದನ್ನೇ ಬಯಸಿ ಕಾಯುತ್ತಿದ್ದ ಸಂಸದರೂ ಇದ್ದರು.

ಮೇ ಅವರು ಒಕ್ಕೂಟದ ಜೊತೆ ಮಾತಾಡಿ ಒಂದು ಒಪ್ಪಂದ ತಂದರು. 2019ರ ಜನವರಿ 15ರಂದು ಸಂಸತ್ತಿನ ಕೆಳಮನೆ, ಅಂದರೆ ಕಾಮನ್ಸ್ ಸಭೆ, ಅದನ್ನು 432–202ರಿಂದ ಸೋಲಿಸಿತು. ಆಧುನಿಕ ಕಾಲದಲ್ಲಿ ಅಲ್ಲಿನ ಯಾವ ಸರ್ಕಾರಕ್ಕೂ ಅಷ್ಟು ದೊಡ್ಡ ಸೋಲು ಆಗಿರಲಿಲ್ಲ. ಅವರದೇ ಪಕ್ಷದ 118 ಸಂಸದರು ವಿರುದ್ಧ ಮತ ಹಾಕಿದ್ದರು. ಮಾರ್ಚ್ 12ರಂದು ಮತ್ತೆ ತಂದರು, 391–242ರಿಂದ ಮತ್ತೆ ಸೋಲು.

(ನಮ್ಮಲ್ಲಾಗಿದ್ದರೆ ಆ 118 ಜನರ ಕಥೆಯೇ ಬೇರೆ. 1985ರ ಪಕ್ಷಾಂತರ ನಿಷೇಧ ಕಾನೂನು ಬಂದ ಮೇಲೆ ವಿಪ್ ಮೀರಿ ಮತ ಹಾಕಿದವರು ಸೀಟೇ ಕಳೆದುಕೊಳ್ಳಬಹುದು. ಬ್ರಿಟನ್ನಿನಲ್ಲಿ ಪಕ್ಷದಿಂದ ಹೊರಗೆ ಹಾಕಬಹುದು, ಸಂಸದ ಸ್ಥಾನಕ್ಕೆ ಏನೂ ಆಗುವುದಿಲ್ಲ. ಇಷ್ಟೆಲ್ಲ ನಡೆದದ್ದೇ ಆ ಧೈರ್ಯದ ಮೇಲೆ.)

ಆ ಒಪ್ಪಂದದಲ್ಲಿ ಗಂಟಲಲ್ಲಿ ಸಿಕ್ಕಿಕೊಂಡ ಮುಳ್ಳು ಐರ್ಲೆಂಡ್ ಗಡಿ. ಇದೊಂದು ಅರ್ಥವಾದರೆ ಮಿಕ್ಕದ್ದು ಸಲೀಸು. ಉತ್ತರ ಐರ್ಲೆಂಡ್ ಬ್ರಿಟನ್ನಿಗೆ ಸೇರಿದ್ದು, ದಕ್ಷಿಣದ ಐರ್ಲೆಂಡ್ ಬೇರೆ ದೇಶ, ಒಕ್ಕೂಟದ ಸದಸ್ಯ. ನಡುವಿನ ಗಡಿ ಸುಮಾರು 500 ಕಿಲೋಮೀಟರ್, ದಾಟುವ ದಾರಿಗಳು 200ಕ್ಕೂ ಜಾಸ್ತಿ. ಸುಮಾರು 30 ವರ್ಷ ನಡೆದ ಹಿಂಸೆಯಲ್ಲಿ 3,500 ಜನ ಸತ್ತ ಜಾಗ ಅದು. 1998ರ ಗುಡ್ ಫ್ರೈಡೇ ಒಪ್ಪಂದವಾದ ಮೇಲೆ ಗಡಿಯಲ್ಲಿ ಸೈನಿಕರ ಕಾವಲು ಹೋಯಿತು. ಈಗ ಕಾರಲ್ಲಿ ಹೋಗುತ್ತಿದ್ದರೆ ದೇಶ ಬದಲಾದದ್ದು ಗೊತ್ತಾಗೋದು ರಸ್ತೆ ಬದಿಯ ಫಲಕದಲ್ಲಿ ಮೈಲಿ ಹೋಗಿ ಕಿಲೋಮೀಟರ್ ಬಂದಾಗ.

ಬ್ರಿಟನ್ ಬೇರೆ ಸುಂಕ, ಬೇರೆ ನಿಯಮ ಮಾಡಿಕೊಂಡರೆ ಸರಕಿನ ತಪಾಸಣೆ ಎಲ್ಲೋ ಒಂದು ಕಡೆ ಆಗಲೇಬೇಕು. ಆ ಗಡಿಯಲ್ಲಿ ಚೆಕ್‌ಪೋಸ್ಟ್ ಹಾಕುವ ಹಾಗಿಲ್ಲ, ಶಾಂತಿಗೆ ಕುತ್ತು. ಸಮುದ್ರದಲ್ಲಿ, ಅಂದರೆ ಉತ್ತರ ಐರ್ಲೆಂಡಿಗೂ ಮಿಕ್ಕ ಬ್ರಿಟನ್ನಿಗೂ ನಡುವೆ ಹಾಕೋಣ ಅಂದರೆ ಉತ್ತರ ಐರ್ಲೆಂಡಿನ ಡಿಯುಪಿ ಪಕ್ಷ ಒಪ್ಪುವುದಿಲ್ಲ. ಆ ಪಕ್ಷದ 10 ಸಂಸದರ ಬೆಂಬಲದ ಮೇಲೇ ಮೇ ಸರ್ಕಾರ ನಿಂತಿತ್ತು. ಎರಡೂ ಕಡೆ ತಪಾಸಣೆ ಬೇಡ ಅಂದರೆ ಇಡೀ ಬ್ರಿಟನ್ ಒಕ್ಕೂಟದ ಸುಂಕ ವ್ಯವಸ್ಥೆಯಲ್ಲೇ ಉಳಿಯಬೇಕು. ಬೇರೆ ದಾರಿ ಸಿಗುವ ತನಕ ಹಾಗೆ ಉಳಿಯೋಣ ಅಂತ ಮೇ ಒಪ್ಪಿ ಬಂದಿದ್ದರು. ಇದಕ್ಕೇ 'ಬ್ಯಾಕ್‌ಸ್ಟಾಪ್' ಅನ್ನುತ್ತಿದ್ದರು. ಬ್ರೆಕ್ಸಿಟ್ ಬೆಂಬಲಿಗರಿಗೆ ಇದು ಬಾಗಿಲು ದಾಟಿಯೂ ಸೆರಗು ಸಿಕ್ಕಿಕೊಂಡ ಹಾಗೆ ಕಂಡಿತು. ನನ್ನ ಕೇಳಿದರೆ, ಮೇ ಅವರ ಒಪ್ಪಂದ ಈ ಮೂರರ ಲೆಕ್ಕವನ್ನು ಪ್ರಾಮಾಣಿಕವಾಗಿ ಬಿಡಿಸಲು ಹೊರಟಿತ್ತು. ಬೈದವರಲ್ಲಿ ಬಹಳಷ್ಟು ಜನ ಲೆಕ್ಕವೇ ಇಲ್ಲ ಅನ್ನುವ ಹಾಗೆ ಮಾತಾಡಿದರು.

ಸರ್ಕಾರದ ಕೈಯಲ್ಲಿ ಆಗುತ್ತಿಲ್ಲ ಅಂದಾಗ ಸಂಸದರೇ ಮುಂದೆ ಬಂದರು. ಬ್ರಿಟನ್ನಿನಲ್ಲಿ ಸದನದ ದಿನದ ಕಲಾಪ ಏನು ಅಂತ ಸಾಮಾನ್ಯವಾಗಿ ಸರ್ಕಾರವೇ ನಿರ್ಧರಿಸುತ್ತದೆ. ಆಡಳಿತ ಪಕ್ಷದವರೇ ಆದ ಆಲಿವರ್ ಲೆಟ್ವಿನ್ ಒಂದು ತಿದ್ದುಪಡಿ ತಂದರು. ಒಂದು ದಿನ ಕಲಾಪವನ್ನು ನಮಗೆ ಬಿಡಿ, ಸದನ ಯಾವುದಕ್ಕೆ ಒಲಿಯುತ್ತದೆ ಅಂತ ಮತ ಹಾಕಿ ನೋಡುತ್ತೇವೆ ಅಂತ. ಮಾರ್ಚ್ 25ರಂದು ಅದು 329–302ರಿಂದ ಗೆದ್ದಿತು. ಈ ಮತಗಳಿಗೆ ಕಾನೂನಿನ ಬಲ ಇರಲಿಲ್ಲ. ಸದನದ ಮನಸ್ಸು ತಿಳಿಯೋಕೆ ಅಷ್ಟೇ.

ಬಂದ 16 ಪ್ರಸ್ತಾಪಗಳಲ್ಲಿ ಸ್ಪೀಕರ್ ಜಾನ್ ಬರ್ಕೋ ಎಂಟನ್ನು ಆರಿಸಿದರು. ಮಾರ್ಚ್ 27ರ ಸಂಜೆ ಮತದಾನ. ಮಾಮೂಲಿಯಾಗಿ ಅಲ್ಲಿ ಮತ ಹಾಕೋದು ಅಂದರೆ ಎದ್ದು ನಡೆಯೋದು. ಹೌದು ಅನ್ನುವವರು ಒಂದು ಲಾಬಿಯಲ್ಲಿ, ಇಲ್ಲ ಅನ್ನುವವರು ಇನ್ನೊಂದರಲ್ಲಿ ಹಾದು ಹೋಗಬೇಕು, ಬಾಗಿಲಲ್ಲಿ ತಲೆ ಎಣಿಸುತ್ತಾರೆ. ಒಂದು ಸಲಕ್ಕೆ ಕಾಲು ಗಂಟೆ ಹಿಡಿಯುತ್ತದೆ. ಎಂಟಕ್ಕೆ ಲೆಕ್ಕ ಹಾಕಿ. ಹಾಗಾಗಿ ಅವತ್ತು ಎಂಟೂ ಪ್ರಸ್ತಾಪ ಇದ್ದ ಕಾಗದ ಹಂಚಿ, ಒಂದೊಂದರ ಮುಂದೆ 'ಹೌದು' ಅಥವಾ 'ಇಲ್ಲ' ಗುರುತು ಹಾಕಿ ಅಂದರು. ಅರ್ಧ ಗಂಟೆ ಸಮಯ. ಎಂಟಕ್ಕೂ ಹೌದು ಅನ್ನಬಹುದು, ಎಂಟಕ್ಕೂ ಇಲ್ಲ ಅನ್ನಬಹುದು, ಖಾಲಿಯೂ ಬಿಡಬಹುದು. ಸಚಿವ ಸಂಪುಟದವರು ಮತವನ್ನೇ ಹಾಕಲಿಲ್ಲ.

ಫಲಿತಾಂಶದಲ್ಲಿ ನೋಡಬೇಕಾದ್ದು ಕೆಲವೇ. ಒಪ್ಪಂದವಿಲ್ಲದೆ ಹೊರಡೋಣ ಅನ್ನೋದಕ್ಕೆ 160 ಹೌದು, 400 ಇಲ್ಲ. ಅಂಥ ಪರಿಸ್ಥಿತಿ ಬಂದರೆ ನೋಟಿಸನ್ನೇ ವಾಪಸ್ ಪಡೆಯೋಣ ಅನ್ನೋದಕ್ಕೆ 184–293. ಯಾವುದೇ ಒಪ್ಪಂದವಾದರೂ ಜನರ ಮುಂದೆ ಇನ್ನೊಮ್ಮೆ ಇಡೋಣ ಅನ್ನುವ ಮಾರ್ಗರೆಟ್ ಬೆಕೆಟ್ ಅವರ ಪ್ರಸ್ತಾಪಕ್ಕೆ 268–295. ಒಕ್ಕೂಟದ ಜೊತೆ ಕಸ್ಟಮ್ಸ್ ಯೂನಿಯನ್ ಇರಲಿ ಅನ್ನುವ ಕೆನ್ ಕ್ಲಾರ್ಕ್ ಅವರ ಪ್ರಸ್ತಾಪ ಹತ್ತಕ್ಕಿಂತ ಕಡಿಮೆ ಮತಗಳಲ್ಲಿ ಸೋತಿತು. ಎಂಟರಲ್ಲಿ ಒಂದೂ ಗೆಲ್ಲಲಿಲ್ಲ.

ಕಸ್ಟಮ್ಸ್ ಯೂನಿಯನ್ ಅಂದರೆ ಸದಸ್ಯರ ನಡುವೆ ಸುಂಕ ಇಲ್ಲ, ಹೊರಗಿನವರಿಗೆ ಎಲ್ಲರದ್ದೂ ಒಂದೇ ಸುಂಕ. ಒಳಗಿದ್ದವರು ಹೊರಗಿನ ದೇಶದ ಜೊತೆ ತಮ್ಮಷ್ಟಕ್ಕೆ ಸುಂಕ ಇಳಿಸಿಕೊಳ್ಳುವ ಹಾಗಿಲ್ಲ. ಕ್ಲಾರ್ಕ್ ಅವತ್ತು ಗೆದ್ದು ಅದೇ ಜಾರಿಯಾಗಿದ್ದರೆ, 2025ರ ಜುಲೈಯಲ್ಲಿ ಬ್ರಿಟನ್ ಭಾರತದ ಜೊತೆ ಸಹಿ ಹಾಕಿದ ವ್ಯಾಪಾರ ಒಪ್ಪಂದ ಈ ರೂಪದಲ್ಲಿ ಸಾಧ್ಯವೇ ಇರಲಿಲ್ಲ. ಸ್ಕಾಚ್ ವಿಸ್ಕಿಯ ಮೇಲಿನ 150 ಪರ್ಸೆಂಟ್ ಸುಂಕವನ್ನು 75ಕ್ಕೆ ಇಳಿಸುವ ಮಾತು ಇರುವ ಒಪ್ಪಂದ ಅದು. ಸಿಂಗಲ್ ಮಾರ್ಕೆಟ್ ಇನ್ನೂ ಆಳದ ಸಂಬಂಧ. ಸರಕಿನ ನಿಯಮಗಳೂ ಒಂದೇ, ಜನ ಎಲ್ಲಿ ಬೇಕಾದರೂ ಹೋಗಿ ಕೆಲಸ ಮಾಡಬಹುದು. ನಾರ್ವೆ ಸಿಂಗಲ್ ಮಾರ್ಕೆಟ್‌ನಲ್ಲಿದೆ, ಕಸ್ಟಮ್ಸ್ ಯೂನಿಯನ್‌ನಲ್ಲಿ ಇಲ್ಲ. ಟರ್ಕಿಯದ್ದು ಇದರ ಉಲ್ಟಾ.

ಏಪ್ರಿಲ್ 1ರಂದು ಎರಡನೇ ಸುತ್ತು, ಈ ಸಲ ನಾಲ್ಕೇ ಪ್ರಸ್ತಾಪ. (ಎರಡು ವರ್ಷದ ಗಡುವನ್ನು ಅಷ್ಟರಲ್ಲಿ ಸ್ವಲ್ಪ ಮುಂದೆ ಹಾಕಿದ್ದರು.) ನಿಮ್ಮ ಪ್ರಶ್ನೆಗೆ ನಿಜವಾದ ಉತ್ತರ ಸಿಗೋದು ಇಲ್ಲೇ. ಕ್ಲಾರ್ಕ್ ಅವರ ಕಸ್ಟಮ್ಸ್ ಯೂನಿಯನ್‌ಗೆ 273 ಹೌದು, 276 ಇಲ್ಲ. ಬರೀ ಮೂರು ಮತ! ಸ್ಕಾಟಿಷ್ ನ್ಯಾಷನಲ್ ಪಾರ್ಟಿಗೆ ಅಲ್ಲಿ 35 ಸಂಸದರಿದ್ದರು. ಈ ಪ್ರಸ್ತಾಪಕ್ಕೆ ಅವರು ಮತ ಹಾಕದೆ ಕೂತರು. ನಾಲ್ಕು ಜನ ಹೌದು ಅಂದಿದ್ದರೂ ಅದು ಪಾಸಾಗುತ್ತಿತ್ತು. ಒಪ್ಪಂದವಿಲ್ಲದೆ ಹೋಗೋದಕ್ಕಿಂತ ಕಸ್ಟಮ್ಸ್ ಯೂನಿಯನ್ ಎಷ್ಟೋ ಮೇಲು ಅಂತ ಅವರಿಗೆ ಗೊತ್ತಿರಲಿಲ್ಲವಾ? ಚೆನ್ನಾಗಿ ಗೊತ್ತಿತ್ತು. ಆದರೆ ಸಿಂಗಲ್ ಮಾರ್ಕೆಟ್ ಇಲ್ಲದ ಬರೀ ಕಸ್ಟಮ್ಸ್ ಯೂನಿಯನ್ ಅವರಿಗೆ ಸಾಲದಾಗಿತ್ತು. ಇನ್ನೊಂದು ಜನಮತಗಣನೆಗೆ ಪಟ್ಟು ಹಿಡಿದವರಲ್ಲೂ ಕೆಲವರು ಕ್ಲಾರ್ಕ್ ಕೈ ಹಿಡಿಯಲಿಲ್ಲ. ಅವರ ಲೆಕ್ಕ ಸರಳ. ಮಧ್ಯದ ದಾರಿ ಒಂದು ಗೆದ್ದುಬಿಟ್ಟರೆ ನಮ್ಮ ದಾರಿ ಮುಚ್ಚುತ್ತದೆ. ಎಲ್ಲ ಸೋತರೆ, ಕೊನೆಗೆ ಜನರ ಹತ್ತಿರವೇ ಹೋಗಬೇಕಾಗುತ್ತದೆ. ಆ ಕಡೆ ತುದಿಯಲ್ಲಿದ್ದವರ ಲೆಕ್ಕವೂ ಥೇಟ್ ಇದೇ. ಎಲ್ಲ ಸೋತರೆ ಗಡುವು ಮುಗಿದು ತಾನಾಗೇ ಹೊರಗೆ. ದೋಸೆಗೆ ಕಾದವರು, ಪೂರಿಗೆ ಕಾದವರು ಸೇರಿ ಉಪ್ಪಿಟ್ಟನ್ನು ವಾಪಸ್ ಕಳಿಸಿದರು.

ಆ ಸುತ್ತಿನಲ್ಲಿ ಮರು ಜನಮತಗಣನೆಗೆ 280–292. ಸಿಂಗಲ್ ಮಾರ್ಕೆಟ್ ಮತ್ತು ಕಸ್ಟಮ್ಸ್ ಎರಡನ್ನೂ ಉಳಿಸಿಕೊಳ್ಳುವ ನಿಕ್ ಬೋಲ್ಸ್ ಅವರ ಪ್ರಸ್ತಾಪಕ್ಕೆ 261–282. ಬೋಲ್ಸ್ ಆಡಳಿತ ಪಕ್ಷದವರು. ಫಲಿತಾಂಶ ಓದಿ ಮುಗಿಸಿದ ಕೂಡಲೇ ಎದ್ದು ನಿಂತು, ನನ್ನ ಪಕ್ಷ ರಾಜಿಗೆ ಒಪ್ಪುತ್ತಿಲ್ಲ, ಅದಕ್ಕೇ ಸೋತೆ, ಇನ್ನು ಈ ಪಕ್ಷದಲ್ಲಿ ಇರಲಾರೆ ಅಂತ ಹೇಳಿ ಹೊರಗೆ ನಡೆದರು. ಗಂಟಲು ಕಟ್ಟಿತ್ತು. ಪಕ್ಕದಿಂದ ಯಾರೋ "ನಿಕ್, ಹೋಗಬೇಡಪ್ಪ" ಅನ್ನುವ ಧ್ವನಿಯಲ್ಲಿ ಕರೆದದ್ದು ಟೀವಿಯಲ್ಲೂ ಕೇಳಿಸಿತು. ಅದೇ ಸಂಜೆ ಚರ್ಚೆ ನಡೆಯುವಾಗ ಗ್ಯಾಲರಿಯಲ್ಲಿ ಹವಾಮಾನ ಹೋರಾಟಗಾರರು ಬಟ್ಟೆ ಬಿಚ್ಚಿ ಸದನಕ್ಕೆ ಬೆನ್ನು ತೋರಿಸಿ ನಿಂತಿದ್ದರು. ಕೆಳಗೆ ಸಂಸದರು ನಗು ತಡೆದುಕೊಂಡು ಕಸ್ಟಮ್ಸ್ ಬಗ್ಗೆ ಮಾತು ಮುಂದುವರಿಸಿದರು.

ಈ ಎರಡು ಸುತ್ತುಗಳ ನಡುವೆ, ಮಾರ್ಚ್ 29ರಂದು, ಮೇ ತಮ್ಮ ಒಪ್ಪಂದವನ್ನು ಮೂರನೇ ಸಲ ಸದನಕ್ಕೆ ತಂದಿದ್ದರು. 344–286ರಿಂದ ಸೋತರು. ಆ 286 ಅನ್ನು ಮರೆಯಬೇಡಿ. ಎರಡೂ ಸುತ್ತುಗಳಲ್ಲಿ ಯಾವ ಪ್ರಸ್ತಾಪಕ್ಕೂ ಅಷ್ಟು 'ಹೌದು' ಬೀಳಲಿಲ್ಲ, ಅತಿ ಹೆಚ್ಚು ಅಂದರೆ 280. ಎಲ್ಲರೂ ಬೈದ, ಮೂರು ಸಲ ಸೋತ ಒಪ್ಪಂದಕ್ಕೇ ಎಲ್ಲಕ್ಕಿಂತ ಜಾಸ್ತಿ ಬೆಂಬಲ ಇತ್ತು. ಅದಕ್ಕೆ ಸರ್ಕಾರದ ವಿಪ್ ಬಲ ಇತ್ತು ಅನ್ನೋದು ನಿಜ. ಆದರೂ ಎಲ್ಲವನ್ನೂ ಒಂದೇ ಕಾಗದದಲ್ಲಿ ಹಾಕಿ, ಒಂದು ಎರಡು ಮೂರು ಅಂತ ಕ್ರಮವಾಗಿ ಗುರುತು ಮಾಡಿ, ಕಡಿಮೆ ಬಂದದ್ದನ್ನು ತೆಗೆಯುತ್ತಾ ಹೋಗೋಣ ಅಂದಿದ್ದರೆ ಕೊನೆಗೆ ಏನಾದರೂ ಒಂದು ಉಳಿಯುತ್ತಿತ್ತು. ಹಾಗೆ ಉಳಿದದ್ದು ಯಾರಿಗೂ ಪೂರ್ತಿ ಇಷ್ಟ ಆಗುತ್ತಿರಲಿಲ್ಲ, ಅದು ಬೇರೆ ಮಾತು.

ಇದು ಅವರಿಗೆ ಹೊಸ ಪಾಠವೂ ಅಲ್ಲ. 2003ರ ಫೆಬ್ರುವರಿಯಲ್ಲಿ ಮೇಲ್ಮನೆಯನ್ನು ಹೇಗೆ ಸುಧಾರಿಸೋದು ಅಂತ ಇದೇ ಸದನ ಹೀಗೇ ಒಂದೊಂದಾಗಿ ಮತ ಹಾಕಿ ಎಲ್ಲವನ್ನೂ ತಳ್ಳಿಹಾಕಿತ್ತು. ಶೇ 80ರಷ್ಟು ಸದಸ್ಯರು ಚುನಾಯಿತರಾಗಿರಲಿ ಅನ್ನುವ ಆಯ್ಕೆ ಆಗ ಸೋತದ್ದೂ ಮೂರೇ ಮತದಲ್ಲಿ, 281–284.

ಏಪ್ರಿಲ್ 3ರಂದು ಮೂರನೇ ಸುತ್ತು ನಡೆಸೋಣವಾ ಅಂತ ಮತಕ್ಕೆ ಹಾಕಿದರು. 310–310. ಸದನದಲ್ಲಿ ಸಮ ಮತ ಬಿದ್ದದ್ದು 1993ರ ನಂತರ ಅದೇ ಮೊದಲು. ಸಮವಾದಾಗ ಸ್ಪೀಕರ್ ಒಂದು ಮತ ಹಾಕಬೇಕು, ಆದರೆ ಇಲ್ಲದ ಬಹುಮತವನ್ನು ಅವರು ಹುಟ್ಟಿಸಬಾರದು ಅನ್ನೋದು ಹಳೇ ರೂಢಿ. ಬರ್ಕೋ 'ಇಲ್ಲ' ಕಡೆ ಹಾಕಿದರು. ಆಯ್ಕೆಗಳ ಆಟ ಅಲ್ಲಿಗೆ ಮುಗಿಯಿತು. ಅದೇ ರಾತ್ರಿ, ಒಪ್ಪಂದವಿಲ್ಲದೆ ಹೊರಬೀಳದ ಹಾಗೆ ಗಡುವು ಮುಂದೂಡಲು ಕೇಳಬೇಕು ಅನ್ನುವ ಮಸೂದೆ 313–312ರಿಂದ, ಒಂದೇ ಮತದಲ್ಲಿ, ಪಾಸಾಯಿತು. ಗಡುವು ಅಕ್ಟೋಬರ್ 31ಕ್ಕೆ ಹೋಯಿತು. ಜುಲೈಯಲ್ಲಿ ಮೇ ಹೋಗಿ ಬೋರಿಸ್ ಜಾನ್ಸನ್ ಬಂದರು. ಡಿಸೆಂಬರ್ ಚುನಾವಣೆಯಲ್ಲಿ 365 ಸೀಟು ಗೆದ್ದ ಅವರು ಯಾರನ್ನೂ ಓಲೈಸಬೇಕಾಗಿರಲಿಲ್ಲ. 2020ರ ಜನವರಿ 31ರಂದು ಬ್ರಿಟನ್ ಹೊರಬಂತು, ಕಸ್ಟಮ್ಸ್ ಯೂನಿಯನ್ ಇಲ್ಲ, ಮರು ಜನಮತಗಣನೆಯೂ ಇಲ್ಲ. ಮೂರು ಮತದಲ್ಲಿ ಬಿದ್ದುಹೋದ ದಾರಿಗೆ ಮತ್ತೆ ಸರದಿ ಬರಲಿಲ್ಲ. ಸರಕಿನ ತಪಾಸಣೆ ಕೊನೆಗೆ ಬಂದು ಕೂತದ್ದು ಡಿಯುಪಿ ಬೇಡ ಅಂದಿದ್ದ ಜಾಗದಲ್ಲೇ, ಸಮುದ್ರದ ಮೇಲೆ.