ಇಷ್ಟೆಲ್ಲ ಟೆಸ್ಟ್ ಮಾಡಿದ ಮೇಲೂ ಪ್ರೂಫ್ ಯಾಕೆ?

ಪ್ರಶ್ನೆ: ಕೋಟ್ಯಂತರ ಜನ ವರ್ಷಗಟ್ಟಲೆ ಬಳಸಿದ ಅಲ್ಗಾರಿದಮ್ ಸರಿಯಾಗಿಯೇ ಇರುತ್ತದೆ ಅಲ್ವಾ? ಅದನ್ನು, ಗಣಿತದ ಪ್ರೂಫನ್ನು ಹೆಜ್ಜೆಹೆಜ್ಜೆಗೂ ಪರೀಕ್ಷಿಸುವ ಸಾಫ್ಟ್‌ವೇರ್ ಆದ ಥಿಯರಮ್ ಪ್ರೂವರ್‌ಗೆ ಕೊಟ್ಟು ಸಾಬೀತು ಮಾಡಿಸಿದರೆ ಏನು ಲಾಭ?

ಉತ್ತರ: ಸರಿಯಾಗಿಯೇ ಇರುತ್ತದೆ ಅಂತ ಹೇಳೋಕಾಗಲ್ಲ. ಟಿಮ್‌ಸಾರ್ಟ್ ವಿಷಯವನ್ನೇ ನೋಡಿ. ಟಿಮ್ ಪೀಟರ್ಸ್ 2002ರಲ್ಲಿ ಪೈಥಾನ್‌ಗಾಗಿ ಬರೆದ ಸಾರ್ಟಿಂಗ್ (ಪಟ್ಟಿಯನ್ನು ಕ್ರಮವಾಗಿ ಜೋಡಿಸುವ) ವಿಧಾನ ಅದು. ಆಮೇಲೆ ಜಾವಾ, ಆಂಡ್ರಾಯ್ಡ್‌ಗೂ ಬಂತು. 2015ರಲ್ಲಿ ಯುರೋಪಿನ ಸಂಶೋಧಕರ ತಂಡವೊಂದು 'ಕೀ' ಎಂಬ ಪ್ರೂವರ್ ಹಿಡಿದು ಜಾವಾ ಕೋಡ್ ಸರಿಯಿದೆ ಎಂದು ಸಾಬೀತು ಮಾಡಲು ಹೊರಟಿತು. ಪ್ರೂಫ್ ಒಂದು ಕಡೆ ಸಿಕ್ಕಿಹಾಕಿಕೊಂಡಿತು. ಬಗ್ ಇದ್ದದ್ದೂ ಅಲ್ಲೇ.

ಟಿಮ್‌ಸಾರ್ಟ್ ಆಗಲೇ ಕ್ರಮವಾಗಿರುವ ತುಂಡುಗಳನ್ನು ಹುಡುಕಿ, ಅವುಗಳ ಉದ್ದವನ್ನು ಒಂದರ ಮೇಲೊಂದು ಪೇರಿಸುವ ಒಂದು ಸ್ಟ್ಯಾಕ್‌ನಲ್ಲಿ ಇಡುತ್ತದೆ. ಪ್ರತಿ ತುಂಡೂ ತನ್ನ ನಂತರದ ಎರಡರ ಮೊತ್ತಕ್ಕಿಂತ ದೊಡ್ಡದಿರಬೇಕು ಎಂಬುದು ನಿಯಮ. ಅದನ್ನು ನಂಬಿಯೇ ಸ್ಟ್ಯಾಕ್‌ನ ಅಳತೆ ನಿಗದಿಯಾಗಿತ್ತು. ಈಗ 120, 80, 25, 20, 30 ಎಂಬ ಉದ್ದಗಳನ್ನು ತೆಗೆದುಕೊಳ್ಳಿ. 20 ಮತ್ತು 30 ಕೂಡಿಸಿದರೆ 50, ಅದರ ಮುಂದೆ 25 ಸಾಲದು, ಹಾಗಾಗಿ 25 ಮತ್ತು 20 ಸೇರಿ 45 ಆಗುತ್ತದೆ. ಉಳಿದದ್ದು 120, 80, 45, 30. ಕೋಡ್ ನೋಡುತ್ತಿದ್ದದ್ದು ಕೊನೆಯ ಮೂರನ್ನು ಮಾತ್ರ. 80 ಎಂಬುದು 45 ಮತ್ತು 30ರ ಮೊತ್ತ 75ಕ್ಕಿಂತ ಜಾಸ್ತಿ, ಸರಿ ಎಂದು ನಿಂತುಬಿಡುತ್ತದೆ. ಆದರೆ 80ಕ್ಕೆ 45 ಕೂಡಿಸಿದರೆ 125. ಅದರ ಮುಂದೆ 120 ಚಿಕ್ಕದು. ನಿಯಮ ಮುರಿಯಿತು!

ಇಂಥ ಉದ್ದಗಳನ್ನು ಬೇಕೆಂದೇ ಜೋಡಿಸಿದ 6.7 ಕೋಟಿ ಅಂಶಗಳ ಪಟ್ಟಿ ಕೊಟ್ಟರೆ ಜಾವಾದಲ್ಲಿ ಸ್ಟ್ಯಾಕ್ ತುಂಬಿ ಪ್ರೋಗ್ರಾಮ್ ಬೀಳುತ್ತಿತ್ತು. ಅಂಥ ಪಟ್ಟಿ ಯಾವ ಟೆಸ್ಟಿಗೆ ತಾನೇ ಸಿಗುತ್ತದೆ ಹೇಳಿ. ಇನ್ನೂ ಒಂದು ತುಂಡು ಹಿಂದಕ್ಕೆ ನೋಡಿದ್ದರೆ ಸಾಕಿತ್ತು. ಪೈಥಾನ್ ಹಾಗೇ ಸರಿಪಡಿಸಿತು. ಜಾವಾದವರು ಸುಮ್ನೆ ಸ್ಟ್ಯಾಕ್ ದೊಡ್ಡದು ಮಾಡಿದರು. ಅದೂ ಸಾಲದೆಂದು 2018ರಲ್ಲಿ ಗೊತ್ತಾಯಿತು. ನನಗಂತೂ ಈ ಎರಡನೇ ಏಟೇ ಪ್ರೂಫ್ ಬೇಕು ಅನ್ನುವುದಕ್ಕೆ ದೊಡ್ಡ ಸಾಕ್ಷಿ.

ಮೊದಲು ಕೋಡ್, ಆಮೇಲೆ ಪ್ರೂಫ್ ಎಂದೇನೂ ಇಲ್ಲ. ಎರಡೂ ಒಟ್ಟಿಗೇ ಹುಟ್ಟಬಹುದು. 'ಫಿಯಟ್ ಕ್ರಿಪ್ಟೋಗ್ರಫಿ' ಹಾಗೇ ಮಾಡುತ್ತದೆ. ಅದು ತಯಾರಿಸುವ ಗೂಢಲಿಪಿಯ ಲೆಕ್ಕದ ಕೋಡ್ ಕಾಕ್ (ಈಗಿನ ಹೆಸರು ರಾಕ್) ಪ್ರೂವರ್‌ನ ಪ್ರೂಫ್ ಸಮೇತ ಬರುತ್ತದೆ. ಕ್ರೋಮ್ ಬ್ರೌಸರ್‌ನೊಳಗೆ ಅಂಥ ಕೋಡ್ ಇದೆ.

ಆದರೆ ಏನನ್ನು ಸಾಬೀತು ಮಾಡಬೇಕೆಂದು ಬರೆಯುವವರು ನಾವೇ. 'ಉತ್ತರ ಏರಿಕೆ ಕ್ರಮದಲ್ಲಿರಬೇಕು' ಎಂದಷ್ಟೇ ಬರೆದರೆ, ಯಾವಾಗಲೂ ಖಾಲಿ ಪಟ್ಟಿ ಕೊಡುವ ಪ್ರೋಗ್ರಾಮ್ ಕೂಡ ಪಾಸಾಗುತ್ತದೆ. ಒಳಗೆ ಹೋದ ಸಂಖ್ಯೆಗಳೇ, ಅಷ್ಟಷ್ಟೇ ಸಲ, ಹೊರಗೂ ಬರಬೇಕು ಅಂತಲೂ ಬರೆಯಬೇಕು.